ಮೇಲೆ ಥಳಕು, ಒಳಗೆ ಹುಳುಕು: ಪೇಟೆ ಬೀದಿಯ ಜಿಪ್ಸಮ್ ಗೋಡೆಗಳು

ಆಷಾಢ ಬಂತೆಂದರೆ ಶಿವಮೊಗ್ಗದ ಅಂಗಡಿ ಬೀದಿಗಳಲ್ಲಿ ಗಿರಾಕಿ ಕಡಿಮೆ, ಸುತ್ತಿಗೆ ಸದ್ದು ಜಾಸ್ತಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜವಳಿ ಇಲ್ಲ. ಕೈ ಖಾಲಿ ಇರುವಾಗಲೇ ಅಂಗಡಿ ಹೊಸದು ಮಾಡಿಸಿಕೊಂಡರೆ ಶ್ರಾವಣಕ್ಕೆ ಪೂಜೆ ಮಾಡಿ ಬಾಗಿಲು ತೆಗೆಯಬಹುದು, ಗೌರಿ ಗಣೇಶ ಹಬ್ಬದ ವ್ಯಾಪಾರ ಹಿಡಿಯಬಹುದು. ಇದು ವ್ಯಾಪಾರಸ್ಥರ ಹಳೇ ಲೆಕ್ಕ.

ಹಿಂದೆ ಹೊಸದು ಮಾಡೋದು ಅಂದರೆ ಸುಣ್ಣ ಬಣ್ಣ, ಹೆಚ್ಚೆಂದರೆ ಬಡಗಿಯನ್ನು ಕರೆಸಿ ಎರಡು ಶೋಕೇಸು. ಈಗ ಹಾಗಲ್ಲ. ಅರ್ಧ ಇಳಿಸಿದ ಶಟರ್ ಕೆಳಗೆ ಬಗ್ಗಿ ನೋಡಿದರೆ ಒಳಗೆ ಬಿಳೀ ಧೂಳಿನ ಮೋಡ. ತಗಡಿನ ಚಾನೆಲ್ಲು, ಅದಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದ ಹಲಗೆಗಳು, ಏಣಿಯ ಮೇಲೆ ತಲೆಯೆಲ್ಲ ಹಿಟ್ಟಾದ ಹುಡುಗರು. ಸೋಮವಾರ ಬಸ್ಸಿಗೆ ಹೋಗುವಾಗ ನೋಡಿದ ಬೋಳು ಮಳಿಗೆ ಶನಿವಾರ ಸಂಜೆ ವಾಪಸು ಬರುವಾಗ ಮೈಸೂರು ಅರಮನೆ! ಸೂರಿನಲ್ಲಿ ಅಂಚು ಅಂಚಾಗಿ ದೀಪ, ಗೋಡೆ ಗಾಜಿನಷ್ಟು ನುಣುಪು. ಬಸ್ಸು ಕಾಯುವವರು ಬಾಯಿ ಬಿಟ್ಟುಕೊಂಡು ನೋಡ್ತಾರೆ. ನೋಡಲಿ, ತಪ್ಪೇನಿಲ್ಲ.

ಆದರೆ ಆ ನುಣುಪಿನ ಹಿಂದೆ ಏನಿದೆ? ಕೇಳುವವರು ಯಾರು? ಮಳಿಗೆ ಮಾಲೀಕರು ಕೇಳಲ್ಲ, ಅವರಿಗೆ ಬಾಡಿಗೆ ಸಾಕು. ಅಂಗಡಿ ಯಜಮಾನರು ಕೇಳಲ್ಲ, ಅವರಿಗೆ ಹಬ್ಬದೊಳಗೆ ಮುಗಿದರೆ ಸಾಕು. ಕಂಟ್ರಾಕ್ಟರಂತೂ ತಾನಾಗಿ ಹೇಳಲ್ಲ. ಗಿರಾಕಿಗೆ ಕೇಳಬೇಕು ಅಂತಲೇ ಗೊತ್ತಿಲ್ಲ. ಕೊನೆಗೆ ಒಂದು ದಿನ ಕೇಳುವುದು ಬೆಂಕಿ, ಇಲ್ಲವೇ ಮಳೆ. ಅವೆರಡಕ್ಕೂ ಉತ್ತರ ಕೊಡಲೇಬೇಕು, ವಾಯಿದೆ ಸಿಗೋದಿಲ್ಲ.

ಒಣಗೋಡೆ ಅಂದರೆ ಏನು?

ಪೇಟೆಯಲ್ಲಿ ಇದಕ್ಕೆ ಜಿಪ್ಸಮ್ ಬೋರ್ಡ್ ಅಂತಾರೆ, ಕೆಲವರು ಎಲ್ಲವನ್ನೂ ಸೇರಿಸಿ ಪಿಓಪಿ ಅಂದುಬಿಡ್ತಾರೆ. ಇಂಗ್ಲಿಷಿನವರು ಡ್ರೈವಾಲ್ ಎನ್ನುತ್ತಾರೆ, ಅಂದರೆ ಒಣಗೋಡೆ. ಯಾಕೆ ಒಣಗೋಡೆ? ಇಟ್ಟಿಗೆ ಗೋಡೆ ಕಟ್ಟಬೇಕಾದರೆ ಗಾರೆ ಕಲಸಬೇಕು, ಕಟ್ಟಿದ ಮೇಲೆ ವಾರವಾದರೂ ಕ್ಯೂರಿಂಗ್ ಅಂತ ನೀರು ಹಾಕಬೇಕು, ಪ್ಲಾಸ್ಟರ್ ಆದ ಮೇಲೆ ಮತ್ತೆ ನೀರು, ಮತ್ತೆ ಒಣಗಲು ಕಾಯಬೇಕು. ಇದಕ್ಕೆ ಆ ರಗಳೆ ಇಲ್ಲ. ತಗಡಿನ ಚೌಕಟ್ಟು ನಿಲ್ಲಿಸಿ, ಎರಡೂ ಮಗ್ಗುಲಿಗೆ ಹಲಗೆ ಬಡಿದು, ಸಂದಿಗೆ ಟೇಪು ಅಂಟಿಸಿ ಪುಟ್ಟಿ ಎಳೆದರೆ ಗೋಡೆ ಸಿದ್ಧ.

ಹಲಗೆಯ ಒಳಗಿರುವುದು ಜಿಪ್ಸಮ್ ಎಂಬ ಮೆದು ಕಲ್ಲಿನ ಹಿಟ್ಟು. ಎರಡೂ ಕಡೆ ದಪ್ಪ ಕಾಗದ. ಜಿಪ್ಸಮ್ ಈ ಕಡೆಯ ರೈತರಿಗೆ ಹೊಸತಲ್ಲ. ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಹೂ ಬಿಟ್ಟಾಗ ಬುಡಕ್ಕೆ ಹಾಕುವುದು ಇದನ್ನೇ. ಚೌಳು ಭೂಮಿ ಸರಿಮಾಡಲು ಹರಡುವುದೂ ಇದನ್ನೇ. ದೇಶದಲ್ಲಿ ಸಿಗುವ ಈ ಕಲ್ಲಿನ ಬಹುಪಾಲು ರಾಜಸ್ಥಾನದ ಬಿಕಾನೇರ್, ನಾಗೌರ್ ಕಡೆಯದು. ಈ ಕಲ್ಲನ್ನು ಹದವಾಗಿ ಕಾಯಿಸಿ ಪುಡಿ ಮಾಡಿದರೆ ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಕೈ ಮುರಿದಾಗ ಆಸ್ಪತ್ರೆಯಲ್ಲಿ ಹಾಕುವ ಪಟ್ಟಿ, ಬೇಡ ಬೇಡ ಎಂದರೂ ಪ್ರತಿ ವರ್ಷ ಕೆರೆಗೆ ಬೀಳುವ ಬಣ್ಣದ ಗಣಪತಿ, ಅಂಗಡಿಯ ಸೂರು, ಎಲ್ಲ ಒಂದೇ ಬಳಗ.

ಹಲಗೆ ಹುಟ್ಟಿದ್ದು ಅಮೆರಿಕದಲ್ಲಿ. ಅಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಕಾಗದದ ಪದರಗಳ ನಡುವೆ ಪ್ಲಾಸ್ಟರ್ ಇಟ್ಟ ಹಲಗೆಗೆ ಪೇಟೆಂಟ್ ಪಡೆದ. 1909ರಲ್ಲಿ ಅಲ್ಲಿನ ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿ ಅವನ ವ್ಯವಹಾರವನ್ನು ಕೊಂಡುಕೊಂಡಿತು. ಆದರೂ ಜನ ಬಹಳ ದಿನ ಇದನ್ನು ಅಗ್ಗದ ಮಾಲು ಅಂತ ಮೂಗು ಮುರಿದರು. ಎರಡನೇ ಮಹಾಯುದ್ಧ ಬಂದು, ಗಾರೆ ಕೆಲಸದ ಕೈಗಳೆಲ್ಲ ಯುದ್ಧಕ್ಕೆ ಹೋದ ಮೇಲೆ, ಬೇಗ ಕಟ್ಟಬೇಕು, ಕಡಿಮೆ ಜನರಲ್ಲಿ ಕಟ್ಟಬೇಕು ಎಂದಾಗ ಇದು ಊರಿಗೆಲ್ಲ ಬೇಕಾಯಿತು. ಇಂದು ಅಲ್ಲಿ ಮನೆಯ ಒಳಗೋಡೆ ಅಂದರೆ ಬಹುತೇಕ ಇದೇ.

ಮಲೆನಾಡಿನ ಹಿರಿಯರು ಮಾತ್ರ ಇದನ್ನು ನೋಡಿ ನಗಬಹುದು. ಬಿದಿರ ತಟ್ಟಿ ಹೆಣೆದು, ಎರಡೂ ಕಡೆ ಮಣ್ಣು ಸಗಣಿ ಮೆತ್ತಿ, ಅಡಿಗೆ ಮನೆಗೂ ಪಡಸಾಲೆಗೂ ನಡುವೆ ನಿಲ್ಲಿಸುತ್ತಿದ್ದರಲ್ಲ, ಅದೂ ಇದೇ ಯುಕ್ತಿ. ನಡುವೆ ಹಗುರ ಚೌಕಟ್ಟು, ಎರಡು ಮಗ್ಗುಲಿಗೆ ಮೆತ್ತಿದ ಮೈ. ಆದರೆ ತಟ್ಟಿ ಗೋಡೆಯನ್ನು ಹೊರಗೋಡೆ ಅಂತ ಮಳೆಗೆ ಒಡ್ಡಿದವರು ಯಾರೂ ಇರಲಿಲ್ಲ. ಯಾವುದು ಎಲ್ಲಿರಬೇಕು ಅನ್ನುವ ತಿಳಿವಳಿಕೆ ಅವರಿಗಿತ್ತು.

ಕಲ್ಲಿನೊಳಗೆ ನೀರು

ಮೊದಲೇ ಒಂದು ಮಾತು ಹೇಳಿಬಿಡಬೇಕು. ಈ ಹಲಗೆ ಕೆಟ್ಟ ಮಾಲಲ್ಲ. ಒಳ್ಳೆಯ ಮಾಲು, ಅದರಲ್ಲೂ ಬೆಂಕಿಯ ವಿಷಯದಲ್ಲಿ.

ಜಿಪ್ಸಮ್ ಕಲ್ಲಿನ ತೂಕದಲ್ಲಿ ಐದರಲ್ಲಿ ಒಂದು ಪಾಲು ನೀರು. ಒದ್ದೆಯಾಗಿ ಅಲ್ಲ, ಕಲ್ಲಿನ ಗುಣದಲ್ಲೇ ಕಟ್ಟಿಹಾಕಿದ ನೀರು. ನಾಲ್ಕಡಿ ಅಗಲ, ಆರಡಿ ಉದ್ದ, ಅರ್ಧ ಇಂಚು ದಪ್ಪದ ಒಂದು ಹಲಗೆಯಲ್ಲಿ ಮೂರು ನಾಲ್ಕು ಲೀಟರ್ ನೀರು ಹೀಗೆ ಅಡಗಿರುತ್ತದೆ. ಮುಟ್ಟಿದರೆ ಒಣಗಿದೆ, ಬೆಂಕಿ ತಾಗಿದರೆ ಆ ನೀರು ಆವಿಯಾಗಿ ಹೊರಬರುತ್ತದೆ. ಅದು ಪೂರ್ತಿ ಹೊರಬರುವ ತನಕ ಹಲಗೆಯ ಆಚೆ ಮಗ್ಗುಲು ಕುದಿಯುವ ನೀರಿಗಿಂತ ಹೆಚ್ಚೇನೂ ಬಿಸಿಯಾಗೋದಿಲ್ಲ. ನೀರಿರುವ ಪಾತ್ರೆ ಒಲೆ ಮೇಲಿದ್ದರೆ ತಳ ಹಿಡಿಯಲ್ಲ, ನೀರು ಇಂಗಿದ ಮೇಲೇ ಸೀಯೋದು. ಹಾಗೇ ಇದು.

ಸರಿಯಾಗಿ ನಿಲ್ಲಿಸಿದ ಮಾಮೂಲಿ ಹಲಗೆಯ ಗೋಡೆ ಹೀಗೆ ಸುಮಾರು ಅರ್ಧ ಗಂಟೆ ಬೆಂಕಿಯನ್ನು ತಡೆಯಬಲ್ಲದು. ಬೆಂಕಿಗೆಂದೇ ಮಾಡಿದ ಹಲಗೆಯನ್ನು ಎರಡೆರಡು ಪದರ ಹಾಕಿದರೆ ಒಂದು ಗಂಟೆ, ಇನ್ನೂ ಹೆಚ್ಚು. ಅರ್ಧ ಗಂಟೆ ಅಂದರೆ ಸಾಮಾನ್ಯವಲ್ಲ. ಮಹಡಿಯ ಮೇಲಿದ್ದವರು ಇಳಿದು ಬರಲು, 101ಕ್ಕೆ ಫೋನು ಮಾಡಿದ ಮೇಲೆ ಗಂಟೆ ಬಾರಿಸುತ್ತ ಬಂಡಿ ಬರಲು ಸಿಗುವ ಹೊತ್ತು ಅದು. ಜೀವ ಉಳಿಯೋದು ಆ ಹೊತ್ತಿನಲ್ಲೇ.

ಗಾರೆಗೂ ಬೆಂಕಿಗೂ ಇರುವ ಈ ಜಗಳ ಹಳೆಯದು. 1666ರಲ್ಲಿ ಲಂಡನ್ ಪಟ್ಟಣ ಸುಟ್ಟು ಬೂದಿಯಾಯಿತು. ಮರದ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದೇ ಅದಕ್ಕೆ ಕಾರಣ. ಮಾರನೇ ವರ್ಷ ಪ್ಯಾರಿಸ್‌ನಲ್ಲಿ ಮರದ ಮನೆಗಳಿಗೆ ಪ್ಲಾಸ್ಟರ್ ಬಳಿಯಲೇಬೇಕೆಂದು ರಾಜಾಜ್ಞೆ ಆಯಿತು. ಆ ಊರಿನ ಹತ್ತಿರದ ಗುಡ್ಡದಲ್ಲೇ ಜಿಪ್ಸಮ್ ಬೇಕಾದಷ್ಟಿತ್ತು. ಪ್ಯಾರಿಸ್ ಹೆಸರು ಪ್ಲಾಸ್ಟರಿಗೆ ಅಂಟಿಕೊಂಡಿದ್ದು ಅಲ್ಲಿಂದಲೇ.

ತೂಕದಲ್ಲೂ ಇದು ವಾಸಿ. ಹತ್ತಡಿ ಹತ್ತಡಿಯ ಒಂದು ಗೋಡೆಯನ್ನು ನಾಲ್ಕೂವರೆ ಇಂಚು ಇಟ್ಟಿಗೆಯಲ್ಲಿ ಕಟ್ಟಿ ಪ್ಲಾಸ್ಟರ್ ಮಾಡಿದರೆ ಎರಡು ಟನ್ನಿಗೂ ಮೇಲೆ. ಅದೇ ಹಲಗೆಯಲ್ಲಾದರೆ ಎರಡೂವರೆ ಕ್ವಿಂಟಾಲ್ ಒಳಗೆ. ಹಳೇ ಮಹಡಿಯ ಮೇಲೆ ಎಲ್ಲೆಂದರಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ ಕೆಳಗಿನವರ ತಲೆಗೆ ತರುವುದಕ್ಕಿಂತ ಇದು ಎಷ್ಟೋ ಮೇಲು. ಪ್ಲೈವುಡ್ ಹಾಗೆ ಗೆದ್ದಲಿಗೆ ಹಬ್ಬದೂಟವೂ ಅಲ್ಲ.

ಹಾಗಾದರೆ ತಕರಾರು ಏನು? ಮಾಲಿನ ಮೇಲೆ ತಕರಾರಿಲ್ಲ ಸ್ವಾಮಿ. ಹಾಕುವ ರೀತಿಯ ಮೇಲೆ ತಕರಾರು.

ಸೂರಿನ ಮೇಲೊಂದು ರಾಜಬೀದಿ

ಸಾಲು ಮಳಿಗೆಗಳನ್ನು ನೋಡಿ. ಕೆಳಗಿನಿಂದ ನೋಡಿದರೆ ಪ್ರತಿ ಅಂಗಡಿಗೂ ಗೋಡೆ ಇದೆ, ಬೇರೆ ಬೇರೆ. ಆದರೆ ಎಷ್ಟೋ ಕಡೆ ಆ ಗೋಡೆ ಮೇಲಿನ ತಾರಸಿ ಮುಟ್ಟೋದಿಲ್ಲ. ಫಾಲ್ಸ್ ಸೀಲಿಂಗ್ ತನಕ ಬಂದು ನಿಂತುಬಿಡುತ್ತದೆ. ಮೇಲೆ ಒಂದಡಿ, ಒಂದೂವರೆ ಅಡಿ ಖಾಲಿ. ಕಣ್ಣಿಗೆ ಕಾಣದ ಜಾಗಕ್ಕೆ ಹಲಗೆ ಯಾಕೆ ದಂಡ, ಅಂತ ಉಳಿತಾಯ. ಯಜಮಾನರು ಕೇಳಿದರೆ, 'ಏನಾಗಲ್ಲ ಸಾರ್, ಸೀಲಿಂಗ್ ಬಂದ ಮೇಲೆ ಕಾಣೋದೇ ಇಲ್ಲ' ಎಂಬ ಉತ್ತರ ಸಿದ್ಧ.

ಕಾಣೋದಿಲ್ಲ, ನಿಜ. ಆದರೆ ಇರುತ್ತದೆ. ಸೀಲಿಂಗ್ ಮೇಲೆ ಈ ತುದಿಯ ಮಳಿಗೆಯಿಂದ ಆ ತುದಿಯ ಮಳಿಗೆ ತನಕ ಒಂದು ರಾಜಬೀದಿ. ಇಲಿ ಓಡಾಡುತ್ತದೆ. ಧೈರ್ಯ ಇದ್ದ ಕಳ್ಳನೂ ಓಡಾಡಬಹುದು: ಪಕ್ಕದ ಖಾಲಿ ಮಳಿಗೆಗೆ ನುಗ್ಗಿ, ಸೀಲಿಂಗ್ ಒಡೆದು ಮೇಲೆ ಹತ್ತಿ, ಚಿನ್ನದಂಗಡಿಯ ನೆತ್ತಿಯ ಮೇಲೇ ಇಳಿಯಬಹುದು. ಮುಂಬಾಗಿಲಿಗೆ ಮೂರು ಬೀಗ ಹಾಕಿದ್ದು ದಂಡ.

ಅದಕ್ಕಿಂತ ದೊಡ್ಡ ಕಳ್ಳ ಹೊಗೆ. ಆ ಖಾಲಿ ಜಾಗದಲ್ಲೇ ಕರೆಂಟಿನ ತಂತಿಗಳು ಹರಿದಾಡುತ್ತಿರುತ್ತವೆ. ಹತ್ತು ದೀಪ ಇದ್ದ ಅಂಗಡಿಗೆ ಐವತ್ತು ದೀಪ, ಮೇಲೆ ಒಂದು ಏಸಿ, ಆದರೆ ತಂತಿ ಅದೇ ಹಳೇದು. ಪೈಪಿಲ್ಲದೆ ಬಿಟ್ಟ ತಂತಿ, ಬರೀ ಟೇಪು ಸುತ್ತಿದ ಜಾಯಿಂಟು. ಎಲ್ಲೋ ಒಂದು ಕಿಡಿ. ಕೆಳಗೆ ಬಟ್ಟೆ ತೋರಿಸುತ್ತ ನಿಂತವರಿಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ಅಂಗಡಿಯ ಮೇಲೆ ಹೊಗೆ ತುಂಬಿರುತ್ತದೆ. ಅರ್ಧ ಗಂಟೆ ಬೆಂಕಿ ತಡೆಯುವ ಗೋಡೆ ಅಲ್ಲೇ ನಿಂತಿರುತ್ತದೆ, ಪಾಪ. ಬೆಂಕಿ ಅದರ ತಲೆ ಮೇಲಿಂದ ದಾಟಿ ಹೋಗಿರುತ್ತದೆ. ಒಡ್ಡು ಕಟ್ಟಿ ತೂಬು ತೆಗೆದಿಟ್ಟ ಹಾಗಾಯಿತು.

ಹೊಗೆ ಅಂದರೆ ಏನು ಅನ್ನುವುದನ್ನು ರಾಜ್ಯದ ಜನ ಮರೆಯಬಾರದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿಂದ ಹಾರಿದವರೂ ಇದ್ದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು, ಉಸಿರುಗಟ್ಟಿ. ಬೆಂಕಿ ಸುಡುವುದಕ್ಕೆ ಮೊದಲೇ ಹೊಗೆ ಕೊಲ್ಲುತ್ತದೆ. ದೊಡ್ಡ ಊರಿನ ದೊಡ್ಡ ಕಟ್ಟಡದ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. ಬಸ್ ನಿಲ್ದಾಣದ ಸುತ್ತಿನ ಮಹಡಿಗಳಲ್ಲಿ ಇರುವ ಲಾಡ್ಜು, ಕ್ಲಿನಿಕ್ಕು, ಟ್ಯೂಷನ್ ಕೋಣೆಗಳನ್ನು ನೋಡಿ. ಒಂದೇ ಮೆಟ್ಟಿಲು, ಕಿಟಕಿ ಇದ್ದಲ್ಲಿ ಹಲಗೆ ಬಡಿದು ಮುಚ್ಚಿ ಏಸಿ ಕೂರಿಸಿದ್ದು. ಮಗುವಿಗೆ ಜ್ವರ ಅಂತ ತೋರಿಸಲು ಹಳ್ಳಿಯಿಂದ ಬಂದ ತಾಯಿ ಆ ಕೋಣೆಯಲ್ಲಿ ಕೂತಿರುತ್ತಾಳೆ. ಹೊರಗೆ ಹೋಗುವ ದಾರಿ ಯಾವುದು ಅಂತ ಅವಳಿಗೆ ಯಾರೂ ಹೇಳಿರೋದಿಲ್ಲ.

ಇನ್ನೊಂದು ಮೋಸ ಉಂಟು. ಜಿಪ್ಸಮ್ ಅಂತ ಹೇಳಿ ಒಳಗೆ ಪ್ಲೈವುಡ್ಡು, ರೀಪರು, ಥರ್ಮೋಕೋಲು ಸೇರಿಸುವುದು. ಸೂರಿಗೆ ಅಗ್ಗದ ಪ್ಲಾಸ್ಟಿಕ್ ಪಟ್ಟಿ ಹೊಡೆಯುವುದು. ಮೇಲೆ ಬಣ್ಣ ಬಳಿದ ಮೇಲೆ ಯಾವುದು ಯಾವುದು ಅಂತ ಹೆಂಡತಿ ಮಕ್ಕಳಾಣೆಗೂ ಗೊತ್ತಾಗಲ್ಲ. ಆದರೆ ಬೆಂಕಿಗೆ ಗೊತ್ತಾಗುತ್ತೆ. ಥರ್ಮೋಕೋಲು, ಪ್ಲಾಸ್ಟಿಕ್ ಉರಿದಾಗ ಬರುವ ಕಪ್ಪು ಹೊಗೆಗೆ ನಾಲ್ಕು ಉಸಿರು ಸಾಕು.

ಮಳೆಗಾಲದ ಲೆಕ್ಕ

ಆಷಾಢದಲ್ಲಿ ಕೆಲಸ ಮಾಡಿಸುವುದರಲ್ಲೇ ಒಂದು ತಿರುವುಮುರುವು ಇದೆ. ಈ ಹಲಗೆಗೆ ಬೆಂಕಿಯ ಭಯ ಕಡಿಮೆ, ನೀರಿನ ಭಯ ಜಾಸ್ತಿ. ಕೆಲಸ ನಡೆಯುವುದು ಮಾತ್ರ ಆರಿದ್ರಾ, ಪುನರ್ವಸು ಮಳೆಗಳ ನಡುವೆ. ಆಗುಂಬೆಯ ಕಡೆ ಸುರಿದದ್ದು ತುಂಗೆಯಲ್ಲಿ ಕೆಂಪಾಗಿ ಹರಿದು ಬರುವ ಹೊತ್ತು. ಗೋಡೆಗೆ ಬೆರಳು ಒತ್ತಿದರೆ ತೇವ, ಹಾಸಿಗೆ ಬಟ್ಟೆಯೆಲ್ಲ ಥಂಡಿ. ಅಂಥ ಹೊತ್ತಿನಲ್ಲಿ ಲಾರಿಯಿಂದ ಇಳಿಸಿದ ಹಲಗೆಗಳನ್ನು ಅಂಗಡಿ ಜಗಲಿಗೆ ಒರಗಿಸಿ ಇಟ್ಟಿರುತ್ತಾರೆ. ಬುಡ ನೆನೆಯುತ್ತದೆ. ನೆನೆದದ್ದನ್ನೇ ಒಯ್ದು ಬಡಿಯುತ್ತಾರೆ.

ನೆನೆದ ಹಲಗೆ ಏನಾಗುತ್ತದೆ? ಕಾಗದ ಉಬ್ಬಿ ಬಿಡುತ್ತದೆ, ಒಳಗಿನ ಹಿಟ್ಟು ಮೆತ್ತಗಾಗುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮೊದಲು ಒಂದು ಹಳದಿ ಕಲೆ, ಆಮೇಲೆ ಕಪ್ಪು ಚುಕ್ಕಿ, ಆಮೇಲೆ ಮುಗ್ಗಲು ವಾಸನೆ. ಗಿರಾಕಿ ಬಟ್ಟೆ ಬಿಡಿಸಿ ಮೂಸಿ ನೋಡಿ ಹಾಗೇ ಮಡಚಿಟ್ಟು ಹೋಗುತ್ತಾಳೆ. ಹಗಲು ರಾತ್ರಿ ಅಲ್ಲೇ ಕೂರುವ ಯಜಮಾನರಿಗೆ ಕೆಮ್ಮು, ದಮ್ಮು. ಡಾಕ್ಟರಿಗೆ ಕೊಟ್ಟ ದುಡ್ಡನ್ನು ಗೋಡೆಯ ಲೆಕ್ಕಕ್ಕೆ ಯಾರೂ ಬರೆಯೋದಿಲ್ಲ.

ಸೋರುವ ತಾರಸಿಯ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸುವವರಂತೂ ತಮಗೆ ತಾವೇ ಮೋಸ ಮಾಡಿಕೊಂಡಂತೆ. 'ಸೋರೋದು ಕಾಣಬಾರದು, ಅದಕ್ಕೇ ಹಾಕಿಸ್ತಾ ಇದೀವಿ' ಅಂತ ಬಾಯಿಬಿಟ್ಟು ಹೇಳುವವರೂ ಇದ್ದಾರೆ! ಗಾಯಕ್ಕೆ ಮದ್ದು ಹಾಕದೆ ಮೇಲೆ ರೇಷ್ಮೆ ಶಲ್ಯ ಹೊದೆಸಿದ ಹಾಗೆ. ನೀರು ಮೇಲೆ ನಿಂತು, ಹಲಗೆ ಕುಡಿದು ಕುಡಿದು ಭಾರವಾಗಿ, ಒಂದು ದಿನ ಮೂಲೆ ಸಮೇತ ಕೆಳಗೆ. ಅದರ ಕೆಳಗೆ ಗಲ್ಲಾ ಪೆಟ್ಟಿಗೆ ಇದ್ದರೆ ಅದೃಷ್ಟ, ಗಿರಾಕಿ ಇದ್ದರೆ ದುರದೃಷ್ಟ. ತಂತಿಗೂ ನೀರಿಗೂ ಸಂಬಂಧ ಬೆಳೆದರೆ ಆ ಮಾತೇ ಬೇರೆ.

ತೇವ ತಡೆಯುವ ಹಲಗೆ ಬೇರೆ ಉಂಟು, ಸಾಮಾನ್ಯವಾಗಿ ಹಸಿರು ಕಾಗದದ್ದು. ಬೆಂಕಿಗೆ ಅಂತ ಇರುವುದು ಗುಲಾಬಿ ಬಣ್ಣದ್ದು. ಆದರೆ ಹಸಿರು ಹಲಗೆ ತೇವ ತಡೆಯುತ್ತದೆಯೇ ಹೊರತು ನೀರಲ್ಲಿ ಈಜುವುದಿಲ್ಲ. ಹೋಟೆಲಿನ ಕೈತೊಳೆಯುವ ಜಾಗ, ಪಾತ್ರೆ ತೊಳೆಯುವ ಕಟ್ಟೆ, ಬಚ್ಚಲು, ಮಳೆ ಎರಚಲು ಹೊಡೆಯುವ ಮುಂಭಾಗ, ಇಲ್ಲೆಲ್ಲ ಇದು ಸಲ್ಲದು. ಅಲ್ಲಿಗೆ ಸಿಮೆಂಟ್ ಹಲಗೆ, ಇಲ್ಲವೇ ಇಟ್ಟಿಗೆಯೇ ಗತಿ. ಕೆಳಗೂ ನೆಲಕ್ಕೆ ತಾಗಿಸದೆ ಕಿರುಬೆರಳಷ್ಟು ಸಂದಿ ಬಿಟ್ಟು ಹಲಗೆ ಹೊಡೆಯಬೇಕು. ಇಲ್ಲದಿದ್ದರೆ ದಿನಾ ನೆಲ ಒರೆಸುವ ನೀರನ್ನೇ ಅದು ದೀಪದ ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ.

ಕೆಟ್ಟ ಮಾಲು ಏನು ಮಾಡಬಹುದು ಅನ್ನುವುದಕ್ಕೆ ಅಮೆರಿಕದ್ದೇ ಒಂದು ಪಾಠ ಇದೆ. 2004, 2005ರ ಚಂಡಮಾರುತಗಳಲ್ಲಿ ಫ್ಲೋರಿಡಾ, ಲೂಸಿಯಾನಾ ಕಡೆ ಮನೆಗಳು ಹಾಳಾದವು. ಹಲಗೆ ಸಾಲದೆ ಚೀನಾದಿಂದ ಹಡಗಿನಲ್ಲಿ ತರಿಸಿದರು. ಅದರಲ್ಲಿ ಕೆಲವು ಹಲಗೆ ಗಂಧಕದ ಅನಿಲ ಬಿಡುತ್ತಿದ್ದವು. ಮನೆಯೆಲ್ಲ ಕೊಳೆತ ಮೊಟ್ಟೆ ವಾಸನೆ, ಏಸಿಯ ತಾಮ್ರದ ಕೊಳವೆ, ಕರೆಂಟಿನ ತಂತಿ ಕಪ್ಪಾಗಿ ಕೆಟ್ಟವು. ಎಷ್ಟೋ ಜನ ಗೋಡೆಯನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಬೇಕಾಯಿತು. ಅವಸರದಲ್ಲಿ ಅಗ್ಗದ್ದು ಕೊಂಡರೆ ಶ್ರೀಮಂತ ದೇಶಕ್ಕೂ ಇದೇ ಗತಿ. ಇಲ್ಲಿ ಹಲಗೆಗೆ ಐಎಸ್ 2095 ಎಂಬ ಮಾನದಂಡ ಇದೆ. ಹಲಗೆಯ ಮೇಲೆ ಐಎಸ್ಐ ಗುರುತು ಇದೆಯೋ ಇಲ್ಲವೋ ನೋಡಲು ಕನ್ನಡಕ ಸಾಕು, ಇಂಜಿನಿಯರ್ ಬೇಡ.

ಒಂದು ಮಳಿಗೆ, ಎರಡು ಬಾಡಿಗೆ

ಇನ್ನು ಬಾಡಿಗೆಯ ಕಥೆ. ಹತ್ತಡಿ ಅಗಲದ ಮಳಿಗೆ ಖಾಲಿಯಾಯಿತು ಅಂದುಕೊಳ್ಳಿ. ಮಾಲೀಕರು ನಡುವೆ ಒಂದು ಹಲಗೆ ಗೋಡೆ ನಿಲ್ಲಿಸಿ ಐದಡಿಯ ಎರಡು ಮಳಿಗೆ ಮಾಡುತ್ತಾರೆ. ಒಂದು ಕಡೆ ಮೊಬೈಲ್ ರಿಪೇರಿ, ಇನ್ನೊಂದು ಕಡೆ ಬೋಂಡಾ ಬಜ್ಜಿ. ಎರಡು ಅಡ್ವಾನ್ಸು, ಎರಡು ಬಾಡಿಗೆ. ಮೀಟರ್ ಮಾತ್ರ ಒಂದೇ, ಮಂಜೂರಾದ ಲೋಡು ಹಳೇದೇ. ಒಂದು ಕಡೆ ಬೆಸುಗೆ ಹಾಕುವ ಕಡ್ಡಿ, ಇನ್ನೊಂದು ಕಡೆ ಗ್ಯಾಸಿನ ಒಲೆ, ನಡುವೆ ನಾಲ್ಕು ಇಂಚಿನ ಗೋಡೆ, ಅದೂ ಸೀಲಿಂಗ್ ತನಕ ಮಾತ್ರ.

ಗೋಡೆಗೂ ಕಿವಿ ಇರುತ್ತೆ ಅನ್ನೋದು ಗಾದೆ. ಈ ಗೋಡೆಗೆ ಬಾಯಿಯೂ ಉಂಟು. ಆ ಕಡೆ ವ್ಯಾಪಾರಸ್ಥ ಸಾಲಗಾರನ ಹತ್ತಿರ ಗೋಗರೆಯುವುದು ಈ ಕಡೆ ಗಿರಾಕಿಗೆ ಕೇಳುತ್ತದೆ. ನಡುವೆ ಉಣ್ಣೆ ತುಂಬಿದರೆ ಸದ್ದು ಎಷ್ಟೋ ತಡೆಯುತ್ತದೆ. ಯಾರು ತುಂಬಿಸುತ್ತಾರೆ?

ಐದಡಿ ಮಳಿಗೆ ಹಿಡಿಯುವವರು ಯಾರು? ದೊಡ್ಡ ಸಾಹುಕಾರರಲ್ಲ. ಹೆಂಡತಿಯ ಬಳೆ ಅಡ ಇಟ್ಟು, ಸಂಘದಲ್ಲಿ ಸಾಲ ತೆಗೆದು, ಮೊದಲ ಸಲ ಶಟರ್ ಎತ್ತುವ ಹುಡುಗರು. ಗೋಡೆ ಬಿದ್ದರೆ, ಬೆಂಕಿ ತಗುಲಿದರೆ, ಮಾಲು ಅವರದ್ದು ಹೋಗುತ್ತದೆ. ಕಟ್ಟಡದ ವಿಮೆ ಇದ್ದರೆ ಅದು ಮಾಲೀಕರದ್ದು. ಒಳಗಿನ ಸರಕಿಗೆ ವಿಮೆ ಮಾಡಿಸಿದವರು ಸಾಲು ಮಳಿಗೆಯಲ್ಲಿ ಎಷ್ಟು ಜನ? ಕೇಳಿ ನೋಡಿದರೆ ತಲೆ ಕೆರೆದುಕೊಳ್ಳುತ್ತಾರೆ.

ಬಾಡಿಗೆ ಕರಾರು ಪತ್ರದಲ್ಲಿ ದಿನಾಂಕ, ಅಡ್ವಾನ್ಸು, ವರ್ಷಕ್ಕೆ ಇಷ್ಟು ಏರಿಕೆ ಎಲ್ಲ ಬರೆದಿರುತ್ತದೆ. ನಡುವಿನ ಗೋಡೆ ಯಾವುದರದ್ದು, ತಾರಸಿ ಮುಟ್ಟಿದೆಯೋ ಇಲ್ಲವೋ, ಯಾರ ಖರ್ಚಿನದ್ದು, ಬಿಟ್ಟು ಹೋಗುವಾಗ ಯಾರದ್ದು ಎಂಬ ಒಂದು ಸಾಲು ಇರೋದಿಲ್ಲ. ಲಕ್ಷಗಟ್ಟಲೆ ಸುರಿದು ಸೂರು ಗೋಡೆ ಮಾಡಿಸಿದ ಬಾಡಿಗೆದಾರ ಮೂರು ವರ್ಷಕ್ಕೆ ಎಬ್ಬಿಸಿದರೆ ಬರಿಗೈಲಿ ಹೋಗಬೇಕು. ಸ್ಕ್ರೂ ಬಿಚ್ಚಿ ಒಯ್ಯೋಣ ಅಂದರೆ ಹಲಗೆ ಪುಡಿಯಾಗುತ್ತದೆ. ಇಟ್ಟಿಗೆಯಾದರೆ ಕೆಡವಿ ಮತ್ತೆ ಕಟ್ಟಬಹುದು. ಇದು ಒಂದೇ ಜನ್ಮದ ಗೋಡೆ.

ಧೂಳು ಯಾರ ಪಾಲಿಗೆ, ಕಸ ಯಾರ ಬಾಗಿಲಿಗೆ?

ಈ ಕೆಲಸ ಮಾಡುವವರಲ್ಲಿ ಬಹಳ ಜನ ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಹುಡುಗರು. ಕೈಕೆಲಸ ಚೊಕ್ಕ. ಹಗಲೆಲ್ಲ ಪುಟ್ಟಿ ಉಜ್ಜಿದ ಧೂಳು ನುಂಗುತ್ತಾರೆ. ಬಾಯಿಗೆ ಒಂದು ಕರವಸ್ತ್ರ ಕಟ್ಟಿಕೊಂಡರೆ ಅದೇ ರಕ್ಷಣೆ. ರಾತ್ರಿ ಮಲಗುವುದೂ ಅದೇ ಧೂಳಿನ ನಡುವೆ, ಶಟರ್ ಎಳೆದುಕೊಂಡು. ಒಳ್ಳೆಯ ಮುಖವಾಡ ಕೊಡಿಸಿದರೆ ಒಂದು ದೀಪದ ಬೆಲೆ ಆಗಲ್ಲ. ಸೂರಿಗೆ ಐವತ್ತು ದೀಪ ಹಾಕಿಸುವವರು ಅಷ್ಟು ಯೋಚಿಸಬಾರದೇ?

ಕೆಲಸ ಮುಗಿದ ಮೇಲೆ ತುಂಡು ಹಲಗೆಗಳು ರಾತ್ರೋರಾತ್ರಿ ಚರಂಡಿ ಪಕ್ಕಕ್ಕೆ, ರಾಜಕಾಲುವೆಗೆ. ಬೆಳಗ್ಗೆ ಮಳೆ ಬಂದರೆ ಮೋರಿ ಕಟ್ಟಿ ಅದೇ ಅಂಗಡಿಯ ಮುಂದೆ ನೀರು. ಈ ಕಸ ಕೊಳೆಯುವ ಹಸಿ ಕಸದ ಜತೆ ಸೇರಿ, ಗಾಳಿಯಾಡದೆ ನೆನೆದರೆ ಗಂಧಕದ ವಿಷಾನಿಲ ಹುಟ್ಟುತ್ತದೆ, ಅದೇ ಕೊಳೆತ ಮೊಟ್ಟೆ ವಾಸನೆಯದ್ದು. ಕಟ್ಟಡದ ಕಸವನ್ನು ಬೇರೆಯೇ ಇಡಬೇಕು, ರಸ್ತೆಗೆ ಚರಂಡಿಗೆ ಹಾಕಬಾರದು ಅಂತ 2016ರಲ್ಲೇ ಕೇಂದ್ರದ ನಿಯಮ ಬಂದಿತ್ತು. ನಿಯಮ ಬಂದಷ್ಟು ಬೇಗ ತಳ್ಳುಗಾಡಿ ಬರಲಿಲ್ಲ, ಅಷ್ಟೇ.

ಆಗಬೇಕಾದ್ದು ಏನು?

ದೊಡ್ಡ ಯೋಜನೆ ಬೇಡ, ಕೋಟಿ ರೂಪಾಯಿಯ ಟೆಂಡರ್ ಬೇಡ. ಅಂಗಡಿ ಯಜಮಾನರು ಹಬ್ಬಕ್ಕೆ ಮುಂಚೆ ಒಂದು ಏಣಿ, ಒಂದು ಟಾರ್ಚು ಹಿಡಿದು ಸೀಲಿಂಗಿನ ಒಂದು ತೂತಿನಲ್ಲಿ ತಲೆ ಹಾಕಿ ನೋಡಲಿ. ಪಕ್ಕದ ಅಂಗಡಿಯ ಮೇಲ್ಗಡೆ ಕಾಣುತ್ತಿದ್ದರೆ ಆ ಸಂದಿಯನ್ನು ತಾರಸಿ ತನಕ ಹಲಗೆಯಿಂದ ಮುಚ್ಚಿಸಲಿ. ತಂತಿ ದಾಟುವ ತೂತನ್ನೂ ಬಿಡದೆ ಮುಚ್ಚಿಸಲಿ. ಮಾಡಿಸಿದ ಗೋಡೆಯ ಬೆಲೆ ಬರುವುದು ಆಗಲೇ.

ಎರಡನೆಯದು, ತಂತಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಹೊಸ ಲೋಡಿಗೆ ತಕ್ಕ ತಂತಿ, ಪೈಪು, ಟ್ರಿಪ್ ಆಗುವ ಸ್ವಿಚ್ಚು ಹಾಕಿಸಬೇಕು. ಲೋಡು ಹೆಚ್ಚಾದರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಕಳ್ಳ ಲೋಡು ಉಳಿಸುವ ದುಡ್ಡು ಬೆಂಕಿಯ ಬಾಯಿಗೆ ಬಡ್ಡಿ. ಫ್ಯಾನಿನ ಕೊಕ್ಕೆ ತಾರಸಿಯಲ್ಲಿರಲಿ, ಸೀಲಿಂಗ್ ಚಾನೆಲ್ಲಿಗೆ ಫ್ಯಾನ್ ತೂಗಿಸಬಾರದು. ಭಾರದ ಶೆಲ್ಫ್ ಬರುವ ಕಡೆ ಗೋಡೆಯೊಳಗೆ ಮೊದಲೇ ಆಧಾರ ಇಡಿಸಬೇಕು. ಆಮೇಲೆ ಮೊಳೆ ಹೊಡೆದು ಸೀರೆಯ ಅಟ್ಟಿ ಪೇರಿಸಿದರೆ ಗೋಡೆಯ ಮುಖವೇ ಕಿತ್ತು ಬರುತ್ತದೆ.

ಮೂರನೆಯದು, ಮೊದಲು ತಾರಸಿ ಸೋರುವುದನ್ನು ನಿಲ್ಲಿಸಿ ಆಮೇಲೆ ಸೂರು. ಹಲಗೆ ಬಂದ ದಿನ ಒಳಗೆ, ಮಣೆಯ ಮೇಲೆ, ಮಲಗಿಸಿ ಇಡಿಸಬೇಕು. ನೆನೆದದ್ದನ್ನು ವಾಪಸು ಕಳಿಸಬೇಕು, ಕಂಟ್ರಾಕ್ಟರ್ ಎಷ್ಟೇ ಗೊಣಗಲಿ.

ಮಳಿಗೆ ಮಾಲೀಕರಿಗೆ ಒಂದು ಮಾತು. ಒಂದನ್ನು ಎರಡು ಮಾಡಿ ಬಾಡಿಗೆ ತಿನ್ನುವುದಾದರೆ ನಡುವಿನ ಗೋಡೆಯನ್ನು ತಾರಸಿ ಮುಟ್ಟಿಸುವ ಜವಾಬ್ದಾರಿಯೂ ನಿಮ್ಮದೇ. ಕರಾರು ಪತ್ರದಲ್ಲಿ ಅದೊಂದು ಸಾಲು ಬರೆಸಿ. ಬಾಡಿಗೆದಾರರು ಆ ಸಾಲು ಇಲ್ಲದೆ ಸಹಿ ಹಾಕಬಾರದು.

ಮಹಾನಗರ ಪಾಲಿಕೆ, ಅಗ್ನಿಶಾಮಕ ಠಾಣೆ ಇಬ್ಬರೂ ಸೇರಿ ಮಾಡಬಹುದಾದ ಕೆಲಸವೂ ಇದೆ. ಪ್ರತಿ ವರ್ಷ ಉದ್ಯಮ ಪರವಾನಗಿ ನವೀಕರಣಕ್ಕೆ ಅರ್ಜಿ ಬರುತ್ತದೆ. ಅದರ ಜತೆ ಮೂರೇ ಪ್ರಶ್ನೆ ಸೇರಿಸಲಿ: ನಡುಗೋಡೆ ತಾರಸಿ ಮುಟ್ಟಿದೆಯೇ? ಹೊರಗೆ ಹೋಗಲು ಎರಡನೇ ದಾರಿ ಇದೆಯೇ? ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿಲ್ಲವೇ? ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ 2016ರ ದೊಡ್ಡ ಪುಸ್ತಕವೇ ಇದೆ, ಅದರಲ್ಲಿ ಬೆಂಕಿಗೆ ಒಂದು ಇಡೀ ಭಾಗ ಇದೆ. ಪುಸ್ತಕವನ್ನೆಲ್ಲ ಜಾರಿಗೆ ತರುವ ತನಕ ಕಾಯುವುದು ಬೇಡ. ಮೂರು ಪ್ರಶ್ನೆಯಿಂದ ಶುರುವಾಗಲಿ. ಪ್ರಶ್ನೆ ಹೆಸರಲ್ಲಿ ಹೊಸ ವಸೂಲಿ ಮಾತ್ರ ಶುರುವಾಗಬಾರದು, ಅಷ್ಟು ಎಚ್ಚರ ಬೇಕು. ವರ್ತಕರ ಸಂಘದವರೂ ಸನ್ಮಾನ, ಶಾಲು, ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಬೀದಿಗೊಂದು ಏಣಿ ಟಾರ್ಚು ಕೊಡಿಸಿದರೆ ಪುಣ್ಯ.

ಗಿರಾಕಿಗಳೂ ಸುಮ್ಮನಿರಬೇಕಾಗಿಲ್ಲ. ಮಹಡಿಯ ಹೋಟೆಲಿಗೆ, ಕ್ಲಿನಿಕ್ಕಿಗೆ ಹೋದಾಗ, 'ಯಜಮಾನ್ರೇ, ಕೆಳಗೆ ಇಳಿಯೋಕೆ ಇನ್ನೊಂದು ದಾರಿ ಎಲ್ಲಿದೆ?' ಅಂತ ಕೇಳಿದರೆ ಯಾರೂ ಜೈಲಿಗೆ ಹಾಕಲ್ಲ. ನಾಲ್ಕು ಜನ ಕೇಳಿದರೆ ಐದನೆಯವನಿಗೆ ದಾರಿ ತೆರೆಯುತ್ತದೆ.

ಮನೆ ಕಟ್ಟಿ ನೋಡು ಅಂದರು ಹಿರಿಯರು. ಕಟ್ಟಿದ್ದನ್ನು ಮೇಲೆ ಹತ್ತಿ ನೋಡು ಅಂತ ಸೇರಿಸಿಕೊಳ್ಳುವ ಕಾಲ ಬಂದಿದೆ. ಶ್ರಾವಣ ಬರುತ್ತದೆ, ಪೂಜೆ ಆಗುತ್ತದೆ, ತೆಂಗಿನಕಾಯಿ ಒಡೆದು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ರಾತ್ರಿ ಒಂಬತ್ತೂವರೆಗೆ ಯಜಮಾನರು ಶಟರ್ ಎಳೆದು, ಬೀಗ ಎರಡು ಸಲ ಜಗ್ಗಿ ನೋಡಿ ಮನೆಗೆ ಹೋಗುತ್ತಾರೆ. ಒಳಗೆ ಅಟ್ಟದ ಮೇಲೆ ಹಳ್ಳಿಯಿಂದ ಕೆಲಸಕ್ಕೆ ಬಂದ ಹುಡುಗ ಚಾಪೆ ಹಾಸಿಕೊಂಡು ಮಲಗಿರುತ್ತಾನೆ, ಸೀಲಿಂಗಿನಿಂದ ಎರಡೇ ಅಡಿ ಕೆಳಗೆ. ಗೋಡೆ ತಾರಸಿ ಮುಟ್ಟಿದೆಯೋ ಇಲ್ಲವೋ ಅನ್ನುವುದು ಅವನ ಪಾಲಿಗೆ ಅಲಂಕಾರದ ಪ್ರಶ್ನೆಯಲ್ಲ. ಬೀಗ ಜಗ್ಗಿ ನೋಡುವ ಕೈ ಒಂದು ಸಲ ಏಣಿಯನ್ನೂ ಹಿಡಿಯಲಿ.